ಮೂರು ಕಚ್ಚಿನ ಬಿಲ್ಲೆ

ಹೈದರಾಬಾದ್
10 ಜೂನ್ 2024

ಶ್ರೀ ಪರಶುರಾಮ್ ಅವರಿಗೆ ನಮಸ್ಕಾರಗಳು.

ನನ್ನ ಹೆಸರು ದುರ್ಗಾಂಬಿಕಾ. ನೀವು ಬಿಟ್ಟುಹೋದ ಪ್ರಯೋಗಾಲಯದಲ್ಲಿ, ನೀವು ಕೂರುತ್ತಿದ್ದ ಮೇಜಿನಲ್ಲೇ ಕೂತು ಈಗ ನಾನು ಪಿಎಚ್.ಡಿ. ಮಾಡುತ್ತಿದ್ದೇನೆ. ಊರು ಜಗಳೂರು. ನಿಮ್ಮ ಹಳೆಯ ಫೋನ್ ನಂಬರ್ ಹೋಗುತ್ತಿಲ್ಲ, ಮೇಲ್ ಗೆ ಉತ್ತರ ಇಲ್ಲ. ಕಚೇರಿಯ ಹಳೆಯ ಅರ್ಜಿಯಲ್ಲಿ ಚನ್ನಗಿರಿಯ ನಿಮ್ಮ ಅಕ್ಕನವರ ವಿಳಾಸ ಸಿಕ್ಕಿತು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಮೇಜಿನ ಕೆಳಗಿನ ಖಾನೆಯಲ್ಲಿ ನೀವು ಮಾಡಿದ ಒಂದು ಬಿಲ್ಲೆ ಸಿಕ್ಕಿದೆ. ಯಾವುದು ಅಂತ ಗೊಂದಲ ಆಗಬಾರದು, ಅದಕ್ಕೆ ನಿಮಗೆ ಗೊತ್ತಿರುವುದನ್ನೇ ಬರೆಯುತ್ತೇನೆ. ಹೆಬ್ಬೆರಳಿನ ಉಗುರಿನಷ್ಟು ಸಿಲಿಕಾನ್, ಅದರ ಮೇಲೆ ನಿಕ್ಕಲ್ ಮತ್ತು ಕಬ್ಬಿಣ ಸೇರಿದ ಇಪ್ಪತ್ತು ನ್ಯಾನೋಮೀಟರ್ ದಪ್ಪದ ಪದರ. ಆಯಸ್ಕಾಂತದ ನಡುವೆ ಇಟ್ಟು ಮೈಕ್ರೋವೇವ್ ಕೊಟ್ಟರೆ ಆ ಪದರದ ಕಾಂತತೆ ಪೂರ್ತಿ ಒಟ್ಟಿಗೆ, ಒಂಬತ್ತು ಗಿಗಾಹರ್ಟ್ಸ್ ಹತ್ತಿರ ನಡುಗುತ್ತದೆ. ಲೇಸರ್ ಚುಕ್ಕೆ ಇಟ್ಟು ಅದನ್ನು ಓದುತ್ತೇವೆ. ಆದರೆ ನಿಮ್ಮ ಲಾಗ್ ಬುಕ್ಕಿನ 41ನೇ ಪುಟದ ಗ್ರಾಫಿನಲ್ಲಿ ಆರರ ಹತ್ತಿರ ಇನ್ನೊಂದು ಸಣ್ಣ ಪೀಕ್ ಇದೆ. ಹಾಗೆ ಬರಬೇಕಾದರೆ ಉಳಿದ ಪದರ ಸುಮ್ಮನಿರುವಾಗ ಯಾವುದೋ ಒಂದು ಪುಟ್ಟ ಜಾಗ ಮಾತ್ರ ತಾನೊಂದೇ ನಡುಗಬೇಕು.

ನನಗೆ ಆ ಸಣ್ಣ ಪೀಕ್ ಸಿಗುತ್ತಿಲ್ಲ. ನೀವು ಹೇಗೆ ಅಳೆದಿರಿ ಎಂದು ತಿಳಿಸಿದರೆ ಉಪಕಾರವಾಗುತ್ತದೆ. ಬೇರೆ ಉದ್ದೇಶ ಏನೂ ಇಲ್ಲ.

ಇಂತಿ,
ದುರ್ಗಾಂಬಿಕಾ


ನ್ಯಾಮತಿ
24 ಜೂನ್ 2024

ದುರ್ಗಾಂಬಿಕಾ ಮೇಡಂ,

ಕಾಗದ ಬಂತು. ಅರುಣಕ್ಕ ಒಡೆಯದೆ ದೇವರ ಫೋಟೋದ ಹಿಂದೆ ಇಟ್ಟಿದ್ಲು, ಶನಿವಾರ ನಾನು ಚನ್ನಗಿರಿಗೆ ಹೋದಾಗ ಕೊಟ್ಲು. ಒಡೆಯೋಕೆ ಮುಂಚೆ ಕವರಿನ ಅಂಟು ನೋಡ್ದೆ, ಯಾರಾದ್ರೂ ಆವಿ ಹಿಡಿದು ಬಿಚ್ಚಿ ಮತ್ತೆ ಅಂಟಿಸಿದಾರಾ ಅಂತ. ನಗಬ್ಯಾಡ್ರಿ. ನನ್ನ ಜಾಗದಲ್ಲಿ ಇದ್ದಿದ್ರೆ ನೀವೂ ನೋಡ್ತಿದ್ರಿ.

ಬೇರೆ ಉದ್ದೇಶ ಏನೂ ಇಲ್ಲ ಅಂತ ಬರ್ದಿದೀರಿ. ಉದ್ದೇಶ ಇಲ್ಲದವರು ಹಂಗೆ ಬರೆಯಲ್ಲ ಮೇಡಂ. ನಾನು ಅಲ್ಲಿಂದ ಬಂದು ಮೂರು ವರ್ಷ ಆತು. ಮೂರು ವರ್ಷ ಯಾರಿಗೂ ಬೇಡಾಗಿದ್ದ ಪರಶುರಾಮ ಈ ಜೂನ್ ತಿಂಗಳಲ್ಲಿ ದಿಢೀರ್ ಅಂತ ಯಾಕೆ ನೆನಪಾದ? ನಮ್ಮ ಗೈಡ್ ರಘುನಾಥ ಸರ್ ಹೇಳಿ ಬರೆಸಿದ್ರಾ? ನೀವು ಜಗಳೂರಿನವರು ಅಂತೀರಿ, ಕಾಗದದ ತುಂಬಾ 'ಇದೆ, ಸಿಕ್ಕಿದೆ' ಅಂತ ಬರ್ದಿದೀರಿ. ನಮ್ಮವ್ವನ ತೌರು ಜಗಳೂರು ಕಡೇದೇ, ಅಲ್ಲಿ ಯಾರು ಹಂಗೆ ಮಾತಾಡ್ತಾರೆ ನಾ ಕಾಣೆ.

ಫೋನ್ ಯಾಕೆ ಮುಟ್ಟಲ್ಲ ಅಂತ ಹೇಳ್ತೀನಿ, ಕೇಳ್ರಿ. ಆ ಸಣ್ಣ ಪೀಕನ್ನ ಸರ್ ಒಂದು ಸಮ್ಮೇಳನದಲ್ಲಿ ದೊಡ್ಡದಾಗಿ ತೋರಿಸಿ ಬಂದ್ರು. ಪದರದಾಗೆ ತಾನಾಗೇ ಒಂದು ಜಾಗ ನಡುಗತೈತೆ, ಹಿಂಗೆ ಯಾರೂ ಕಂಡಿಲ್ಲ ಅಂತ. ಬೇರೆ ಊರಿನವರು ಮಾಡಿ ನೋಡಿದ್ರು, ಬರಲಿಲ್ಲ. ನಮ್ಮ ಲ್ಯಾಬಿನವರೇ ಮಾಡಿದ್ರು, ಬರಲಿಲ್ಲ. ನಾನೇ ಅಳೆದು ತೋರಿಸ್ತೀನಿ ಅಂದ್ರೆ ಯಂತ್ರದ ಹತ್ರ ಬಿಡಲಿಲ್ಲ. ಆಗ ಶುರುವಾತು ನೋಡ್ರಿ, ಬೆಳಗ್ಗೆ ಎದ್ರೆ 'ಪರಶುರಾಮ್, ನೀನೇ ಬರ್ಕೊಂಡ್ಯಾ?', ಸಂಜೆ ಹೋಗುವಾಗಲೂ ಅದೇ. ಬ್ಯಾಸತ್ತು ಒಂದು ದಿನ ಸರ್ ಗೆ ವಾಟ್ಸಾಪಲ್ಲಿ 'ಆತು ಸರ್, ನನ್ನದೇ ತಪ್ಪು ಅಂತ ಇಟ್ಕೊಳ್ರಿ, ಈಗ ನನ್ನನ್ನ ಬಿಟ್ಟುಬಿಡ್ರಿ' ಅಂತ ಹಾಕಿದೆ. ವಿಚಾರಣೆ ದಿನ 'ನನ್ನದೇ ತಪ್ಪು' ಅನ್ನೋದಷ್ಟನ್ನೇ ಕತ್ತರಿಸಿ ದೊಡ್ಡ ಪರದೆ ಮೇಲೆ ಹಾಕಿದ್ರು. ನಾಲ್ಕು ವರ್ಷದ ಕೆಲಸ ಅವತ್ತು ಮಧ್ಯಾಹ್ನ ಊಟದ ಹೊತ್ತಿಗೆ ಮುಗೀತು.

ಅವತ್ತಿನಿಂದ ನನ್ನ ಮಾತೇನಿದ್ರೂ ಕಾಗದದಾಗೆ. ಅದೂ ರಿಜಿಸ್ಟರ್, ಅಕ್ನಾಲೆಜ್ಮೆಂಟ್ ಸಮೇತ. ಈ ಕವರಿನ ಸುತ್ತ ಸ್ಟೇಪ್ಲರ್ ಪಿನ್ನು ಹೊಡೆದಿದೀನಿ, ಎಣಿಸ್ಕೊಳ್ರಿ, ಹನ್ನೊಂದು ಇರಬೇಕು. ಹತ್ತಿದ್ರೆ ಯಾರೋ ಒಡೆದು ಓದಿದಾರೆ ಅಂತ ಲೆಕ್ಕ.

ನಾನೀಗ ಇಲ್ಲಿ ಪಿಯು ಕಾಲೇಜಲ್ಲಿ ಅತಿಥಿ ಉಪನ್ಯಾಸಕ. ಹೆಂಗೆ ಅಳೆದಿರಿ ಅಂತ ಕೇಳಿದ್ರಿ. ಎಲ್ಲರೂ ಅಳೆಯೋ ಹಂಗೇ ಅಳೆದೆ. ಮೊದಲು ನೀವು ಹೇಳ್ರಿ, ಕೇಳ್ತಿರೋದು ಯಾರು?

ಪರಶುರಾಮ್


ಹೈದರಾಬಾದ್
8 ಜುಲೈ 2024

ಪರಶುರಾಮ್ ಸರ್,

ಪಿನ್ನು ಹನ್ನೊಂದೇ ಇದ್ದವು. ಕೀಳುವಾಗ ಬೆರಳಿಗೆ ಚುಚ್ಚಿಕೊಂಡೆ, ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಕೇಳುತ್ತಿರುವುದು ನಾನು. ಯಾರೂ ಬರೆಸಿಲ್ಲ. 'ಇದೆ' ಅಂತ ಬರೆದದ್ದು ಹಿರಿಯರಿಗೆ ಬರೆಯುವ ಕಾಗದ ಅಂತ, ಅದರಲ್ಲೂ ಅನುಮಾನ ಪಟ್ಟರೆ ನಾನು ಏನು ಮಾಡಲಿ?

ನಿಮ್ಮ ಕಾಗದ ಬಂದ ಮೇಲೆ ಇನ್ನೂ ಹತ್ತು ಸಲ ಅಳೆದೆ. ಬಿಲ್ಲೆಯ ಮೂಲೆ ಒಂದು ಕಡೆ ಚೂರುಚೂರಾಗಿ ಹೋಗಿತ್ತು, ಹೋಲ್ಡರಿನಲ್ಲಿ ಸರಿಯಾಗಿ ಕೂರುತ್ತಿರಲಿಲ್ಲ. ಅದನ್ನು ನೀಟಾಗಿ ಕತ್ತರಿಸಿ ತೆಗೆದು, ಸರಿಯಾಗಿ ನಡುಮಧ್ಯೆ ಲೇಸರ್ ಇಟ್ಟು ನೋಡಿದೆ. ಒಂಬತ್ತರಲ್ಲಿ ಪೀಕ್ ಚೆನ್ನಾಗಿ ಬರುತ್ತದೆ. ಆರರಲ್ಲಿ ಏನೂ ಇಲ್ಲ. ಎಲ್ಲರೂ ಅಳೆಯುವ ಹಾಗೆ ಅಳೆದೆ ಎಂದು ಬರೆದಿದ್ದೀರಿ. ಹಾಗೆ ಅಳೆದರೆ ಬರುವುದಿಲ್ಲ ಅನ್ನುವುದೇ ಸಮಸ್ಯೆ.

ಸುತ್ತಿ ಬಳಸಿ ಕೇಳುವುದು ನನಗೆ ಬರುವುದಿಲ್ಲ. ನೀವು ಆ ಪೀಕನ್ನು ನಿಜವಾಗಿ ಕಂಡಿರಾ, ಇಲ್ಲ ಬರೆದಿರಾ? ಒಂದು ಮಾತಿನಲ್ಲಿ ಹೇಳಿ ಸಾಕು.

ದುರ್ಗಾಂಬಿಕಾ


ಹೊನ್ನಾಳಿ
16 ಜುಲೈ 2024

ಮೇಡಂ,

ಕತ್ತರಿಸಿದ್ರಾ? ಆ ಮೂಲೆ ಕತ್ತರಿಸಿದ್ರಾ ನೀವು?

ಅದು ಚೂರಾಗಿದ್ದಲ್ಲ ಕಣ್ರಿ. ವಜ್ರದ ಮೊನೆ ಪೆನ್ನಲ್ಲಿ ನಾನೇ ಹಾಕಿದ ಕಚ್ಚು. ಒಂದನೇ ಬಿಲ್ಲೆಗೆ ಒಂದು ಕಚ್ಚು, ಎರಡನೇದಕ್ಕೆ ಎರಡು, ಮೂರನೇದಕ್ಕೆ ಮೂರು. ನನ್ನ ಬಿಲ್ಲೆ ಅಂತ ಹೇಳಾಕೆ ಆ ಲ್ಯಾಬಲ್ಲಿ ಉಳಿದಿದ್ದ ಗುರುತು ಅದೊಂದೇ. ಅದನ್ನೂ ತೆಗೆಸಿದ್ರು ನೋಡ್ರಿ! ಇನ್ನು ಇದು ಪರಶುರಾಮನ ಬಿಲ್ಲೆ ಅನ್ನಾಕೆ ಯಾರಿಗೂ ಆಗಲ್ಲ. ಭಾರಿ ಚೆನ್ನಾಗಿ ಕೆಲಸ ಮಾಡ್ತೀರಿ. ಸರ್ ಗೆ ನನ್ನ ಶಾಭಾಷ್ ತಿಳಿಸ್ರಿ.

ಕಂಡ್ರಾ ಬರೆದ್ರಾ ಅಂತ ಕೇಳಾಕೆ ನಿಮಗೆ ನಾಲಿಗೆ ಹೆಂಗೆ ಬಂತು? ಕಂಡೆ. ಕಂಡೆ, ಕಂಡೆ. ಮೂರು ಸಲ ಬರ್ದಿದೀನಿ, ಇದನ್ನೂ ಕತ್ತರಿಸಿ ತೋರಿಸ್ರಿ ಪರದೆ ಮೇಲೆ.

ನ್ಯಾಮತಿಯಲ್ಲಿ ಈ ಕವರು ಹಾಕಿದ್ರೆ ನಮ್ಮ ಕಾಲೇಜಿನ ಕ್ಲರ್ಕ್ ಹಾಲಸ್ವಾಮಿ 'ಏನ್ ಸಾರ್, ಹೈದರಾಬಾದಿಗೆ ಬಾಳ ಕಾಗದ?' ಅಂತ ಕೇಳ್ತಾನೆ. ಅದಕ್ಕೆ ಬಸ್ ಹತ್ತಿ ಇಲ್ಲಿಗೆ ಬಂದು ಹಾಕ್ತಿದೀನಿ. ಇನ್ನು ಬರೀಬ್ಯಾಡ್ರಿ.

ಪರಶುರಾಮ್


ಹೈದರಾಬಾದ್
2 ಸೆಪ್ಟೆಂಬರ್ 2024

ಪರಶುರಾಮ್ ಸರ್,

ಬರೀಬ್ಯಾಡಿ ಅಂದಿರಿ. ಏಳು ವಾರ ಬರೆಯಲಿಲ್ಲ. ಆ ಏಳು ವಾರ ನಿಮ್ಮ ಮೇಜಿನಲ್ಲಿ ಕೂತು ನಿಮ್ಮ ಲಾಗ್ ಬುಕ್ ಪೂರ್ತಿ ಓದಿದೆ. ಪದರ ಹಾಳಾದ ದಿನ 'ಇವತ್ತು ನನ್ನ ಅಜಾಗರೂಕತೆ' ಅಂತ ಬರೆದುಕೊಂಡಿದ್ದೀರಿ, ಅಂಥ ದಿನ ಹದಿನೇಳು. ಸುಳ್ಳು ಗ್ರಾಫ್ ಬರೆಯುವ ಮನುಷ್ಯ ತನ್ನ ಮೇಲೆ ತಾನೇ ಹದಿನೇಳು ದೂರು ಬರೆದುಕೊಳ್ಳುತ್ತಾನಾ? ಇದೇ ತಲೆ ತಿನ್ನುತ್ತಿದೆ.

ಈಗ ನನ್ನ ತಪ್ಪು. ಯಾರೂ ಬರೆಸಿಲ್ಲ ಅಂದದ್ದು ಸುಳ್ಳು. ರಘುನಾಥ ಸರ್ ಜೂನ್ ಮೊದಲ ವಾರ ನನ್ನನ್ನು ಕರೆದು ಒಂದು ಹೇಳಿಕೆ ಕೊಟ್ಟರು. ನಮ್ಮ ಯೋಜನೆಯ ಪರಿಶೀಲನೆಗೆ ಹೊರಗಿನವರು ಬರುತ್ತಾರೆ, ಹಳೆಯ ಪೀಕಿನ ಕತೆ ಮುಗಿಸಬೇಕು, ನೀನು ಅವನ ಕಡೆಯ ಊರಿನವಳು, ನಯವಾಗಿ ಮಾತಾಡಿ ಸಹಿ ಹಾಕಿಸು ಅಂದರು. ಹೇಳಿಕೆ ಈ ಕಾಗದದ ಜೊತೆ ಇಟ್ಟಿದ್ದೇನೆ, ಒಂದೇ ಸಾಲು. '41ನೇ ಪುಟದ ಗ್ರಾಫ್ ಅಳತೆಯಿಂದ ಬಂದದ್ದಲ್ಲ, ಅದನ್ನು ನಾನು ಹಿಂತೆಗೆದುಕೊಳ್ಳುತ್ತೇನೆ.' ಅಕ್ಟೋಬರ್ 31ರೊಳಗೆ ಸಹಿ ಹಾಕಿ ಕಳಿಸಿದರೆ ನಿಮಗೆ ಬಾಕಿ ಇರುವ ನಡತೆ ಪ್ರಮಾಣ ಪತ್ರ ಕೊಡುತ್ತಾರಂತೆ. ನನ್ನ ಪ್ರಬಂಧದ ಅಧ್ಯಾಯವೂ ಅಲ್ಲಿಯವರೆಗೆ ಅವರ ಮೇಜಿನ ಮೇಲೆ ಕೂತಿದೆ.

ಮೂಲೆ ಕತ್ತರಿಸಿದ್ದು ನಾನೇ, ಯಾರೂ ಹೇಳಲಿಲ್ಲ. ಗುರುತು ಅಂತ ಗೊತ್ತಿರಲಿಲ್ಲ. ಕತ್ತರಿಸಿದ ಚೂರು ಕಸಕ್ಕೆ ಹೋಯಿತು. ಅದಕ್ಕೆ ಏನು ಹೇಳಲಿ? ನಾಚಿಕೆಯಾಗಿದೆ.

ಒಂದು ಪ್ರಶ್ನೆ ಉಳಿದಿದೆ. ಲ್ಯಾಬಿನ ಸಾಮಾನು ಪಟ್ಟಿಯಲ್ಲಿ ಮೂರು ಬಿಲ್ಲೆ. ಮೊದಲನೆಯದು ಒಡೆಯಿತು ಅಂತ ನೀವೇ ಬರೆದಿದ್ದೀರಿ. ಎರಡನೆಯದು, ಮೂಲೆ ಎರಡು ಕಡೆ ಚೂರಾಗಿದ್ದದ್ದು, ನನ್ನ ಹತ್ತಿರ ಇದೆ. ಮೂರನೆಯದನ್ನು ನೀವು ತೆಗೆದುಕೊಂಡು ಹೋದಿರಿ ಎಂದು ಸರ್ ಹೇಳುತ್ತಾರೆ. ಹೌದಾ?

ದುರ್ಗಾಂಬಿಕಾ


ಚನ್ನಗಿರಿ
14 ಸೆಪ್ಟೆಂಬರ್ 2024

ಮೇಡಂ,

ನಿಮ್ಮ ಕಾಗದ ಮೂರು ಸಲ ಓದಿದೆ. ಮೊದಲನೇ ಸಲ ಸಿಟ್ಟು ಬಂತು. ಎರಡನೇ ಸಲ, ಪರವಾಗಿಲ್ಲ ಹುಡುಗಿ ನಿಜ ಹೇಳಿದ್ಲು ಅನ್ನಿಸ್ತು. ಮೂರನೇ ಸಲ, ನಿಜ ಹೇಳೋದೂ ನಯವಾಗಿ ಮಾತಾಡೋದರ ಒಂದು ಬಗೆ ಇರಬಹುದಲ್ಲ ಅನ್ನಿಸ್ತು. ಏನು ಮಾಡಲಿ, ನನ್ನ ಬುದ್ಧಿ ಈಗ ಹಿಂಗೇ ಆಗೈತೆ.

ಆ ಹೇಳಿಕೇನ ಅರುಣಕ್ಕಗೆ ತೋರಿಸಿದೆ. ಅವಳು ಇಲ್ಲಿ ಅಡಿಕೆ ಮಂಡಿಯಲ್ಲಿ ಇಪ್ಪತ್ತು ವರ್ಷದಿಂದ ಮಾಲು ಆರಿಸೋ ಕೆಲಸ ಮಾಡ್ತಾಳೆ, ಓದಿದ್ದು ಏಳನೇ ಕ್ಲಾಸು. 'ಇದಕ್ಕೆ ಸಹಿ ಹಾಕಿದ್ರೆ ಏನಾಗತೈತೆ?' ಅಂದ್ಲು. 'ನೌಕರಿ ಆಗಬಹುದು' ಅಂದೆ. ಒಂದು ಡಿಗ್ರಿ ಕಾಲೇಜಲ್ಲಿ ಜಾಗ ಐತೆ, ಸಂದರ್ಶನ ಮುಗಿದೈತೆ, ನಡತೆ ಪತ್ರ ಒಂದೇ ಬಾಕಿ. ಹೊನ್ನಾಳಿಯ ಮಹೇಶ್ವರಪ್ಪ ಮೇಷ್ಟ್ರು ನನಗೋಸ್ಕರ ನಾಲ್ಕು ಜನರ ಹತ್ರ ಮಾತಾಡಿ ಆ ಜಾಗ ಹಿಡಿದಿಟ್ಟಿದಾರೆ. 'ಹಾಕದಿದ್ರೆ?' ಅಂದ್ಲು. 'ಹಿಂಗೇ ಇರ್ತೀನಿ' ಅಂದೆ. ಅವಳು ಎದ್ದು ಒಳಗೆ ಹೋದ್ಲು. ಅವಳು ಬೈದಿದ್ರೆ ಚೆನ್ನಾಗಿತ್ತು.

ಮೇಡಂ, ನನಗೀಗ ಮೂವತ್ನಾಲ್ಕು. ದಿನಾ ಬೆಳಗ್ಗೆ ಹುಡುಗರಿಗೆ ಆಯಸ್ಕಾಂತದ ಪಾಠ ಮಾಡುವಾಗ, ಕಂಡದ್ದನ್ನ ಕಂಡ ಹಾಗೆ ಬರೀಬೇಕು ಕಣ್ರೋ ಅಂತೀನಿ. ಆಮೇಲೆ ನನ್ನ ಧ್ವನಿ ನನಗೇ ಕೇಳಿ ಒಂಥರಾ ಆಗತೈತೆ. ನಾನು ಸುಳ್ಳುಗಾರ ಅಂತ ನಾನೇ ಬರೆದುಕೊಟ್ಟು ಆ ನೌಕರಿಗೆ ಹೋಗಿ ಅದೇ ಪಾಠ ಹೆಂಗೆ ಮಾಡಲಿ? ಆದರೆ ಹೊಟ್ಟೆ ಪಾಡು ಅನ್ನೋದೂ ಐತಲ್ಲ. ನಿಜ ಹೇಳ್ತೀನಿ, ಸಹಿ ಹಾಕಾಕೆ ಎರಡು ಸಲ ಪೆನ್ನು ತೆಗೆದೆ.

ಇನ್ನೊಂದು. ಈಗೀಗ ನನಗೇ ಅನುಮಾನ ಬರತೈತೆ. ಕಂಡೆ ಕಂಡೆ ಅಂತ ಅಷ್ಟು ಜೋರಾಗಿ ಬರೆದೆ. ಅಷ್ಟು ಜನ ಇಲ್ಲ ಅಂದ ಮೇಲೆ, ನಾನು ನಿಜವಾಗಿ ಕಂಡಿದ್ನಾ? ಈ ಮಾತು ಯಾರಿಗೂ ಹೇಳಿಲ್ಲ, ಅಕ್ಕಗೂ ಹೇಳಿಲ್ಲ.

ಮೂರನೇ ಬಿಲ್ಲೆ ನನ್ನ ಹತ್ರ ಇಲ್ಲ.

ಪರಶುರಾಮ್


ಜಗಳೂರು
5 ಅಕ್ಟೋಬರ್ 2024

ಪರಶುರಾಮಣ್ಣ,

ಸಹಿ ಹಾಕಬ್ಯಾಡಿ! ಹಾಕಿದ್ರೆ ಹರಿದುಹಾಕಿ. ಅವಸರದಾಗೆ ಬರೀತಿದೀನಿ, ಅಕ್ಷರ ಸೊಟ್ಟ ಆದ್ರೆ ಬೈಕೋಬ್ಯಾಡಿ.

ಪಿತೃಪಕ್ಷಕ್ಕೆ ಅಂತ ಮನೆಗೆ ಬಂದೆ. ನಮ್ಮ ಮನೆಯಲ್ಲಿ ಹದಿನೈದು ಕುರಿ ಅದಾವೆ, ಅವ್ವ ಅಂಜಮ್ಮನ ಆಸ್ತಿ ಅದು. ನಿನ್ನೆ ನಮ್ಮಣ್ಣ ಮಾರುತಿ ಹೊಸ ಮರಿಗಳಿಗೆ ಕಿವಿಗೆ ಕಚ್ಚು ಹಾಕ್ತಿದ್ದ. ನಮ್ಮ ಮನೇದು ಎಡಗಿವಿ ಅಂಚಿಗೆ ಎರಡು ಕಚ್ಚು, ಪಕ್ಕದವರದ್ದು ಬಲಗಿವಿಗೆ ಒಂದು. ಹುಟ್ಟಿದಾಗಿನಿಂದ ನೋಡೀನಿ, ಏನೂ ಅನ್ನಿಸಿರಲಿಲ್ಲ. ನಿನ್ನೆ ಆ ಮರಿ ಕಿವಿ ನೋಡಿ ನಿಂತಲ್ಲೇ ನಿಂತುಬಿಟ್ಟೆ. ಒಂದನೇದಕ್ಕೆ ಒಂದು, ಎರಡನೇದಕ್ಕೆ ಎರಡು, ಅಂಚಿಗೆ ಕಚ್ಚು! ನಿಮ್ಮವ್ವನ ತೌರು ಈ ಕಡೇದೇ ಅಂತ ಬರೆದಿದ್ರಲ್ಲ. ನೀವು ಬಿಲ್ಲೆಗೆ ಕಿವಿ ಕಚ್ಚು ಹಾಕಿದೀರಿ. ನಾನು ಜಗಳೂರಿನಾಗೆ ಹುಟ್ಟಿ ಬೆಳೆದು ಅದನ್ನ ಒಡೆದ ಮೂಲೆ ಅಂತ ಕತ್ತರಿಸಿ ಎಸೆದೆ. ಅವ್ವಗೆ ಹೇಳಿದ್ರೆ, 'ಓದಿ ಓದಿ ನಿನಗೆ ಕುರಿ ಕಿವೀನೂ ಮರೆತುಹೋತೇನೆ?' ಅಂತ ನಕ್ಕಳು.

ಆಮೇಲೆ ಸಾಯಂಕಾಲ ಎರಡು ಮಂದೆ ಕಲೆತುಹೋದ್ವು. ಅಣ್ಣ ನಮ್ಮ ಕುರಿ ಬೇರೆ ಮಾಡ್ತಿದ್ದ. ಮುಖ ನೋಡಲಿಲ್ಲ, ಬಣ್ಣ ನೋಡಲಿಲ್ಲ, ಕೈ ನೇರ ಕಿವಿಗೇ ಹೋಗ್ತಿತ್ತು. ಮೊದಲು ಕಿವಿ, ಆಮೇಲೆ ಮಿಕ್ಕಿದ್ದು.

ಅಣ್ಣಾ, ಈಗ ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ. ನೀವು ಬಿಲ್ಲೆ ಹೋಲ್ಡರಿಗೆ ಹಾಕಿ ಲೇಸರ್ ಚುಕ್ಕೆ ಮೊದಲು ಎಲ್ಲಿಗೆ ಒಯ್ತಿದ್ರಿ? 41ನೇ ಪುಟದಲ್ಲಿ ಆಯಸ್ಕಾಂತ ಎಷ್ಟು, ಆವರ್ತನ ಎಷ್ಟು, ಎಲ್ಲಾ ಐತೆ. ಜಾಗ ಎಲ್ಲಿ ಅಂತ ಮಾತ್ರ ಇಲ್ಲ. ಜಾಗ ಬರೆದಿಲ್ಲ ಅಂದ್ರೆ ನಡುಮಧ್ಯೆ ಅಂತ ನಾವೆಲ್ಲಾ ಅಂದುಕೊಂಡ್ವಿ, ಸರ್ ಕೂಡ ಹಂಗೇ ಅಂದುಕೊಂಡು ಸಮ್ಮೇಳನದಾಗೆ ಹೇಳಿ ಬಂದ್ರು. ನಡುಮಧ್ಯೆ ಪದರದ ಒಳಗಿನ ಕಾಂತಕ್ಷೇತ್ರ ಒಂದೇ ಸಮ ಇರತೈತೆ. ಅಂಚಿನಾಗೆ, ಕಚ್ಚು ಹಾಕಿದ ಕಡೆ, ಅದು ಕುಗ್ಗತೈತೆ. ಕುಗ್ಗಿದ ಜಾಗ ಕಮ್ಮಿ ಆವರ್ತನದಲ್ಲಿ ತಾನೊಂದೇ ನಡುಗತೈತೆ. ಆರು ಗಿಗಾಹರ್ಟ್ಸ್ ಹತ್ರ!

ಎಲ್ಲಿ ಇಟ್ರಿ ಹೇಳಿ. ನಾನು ಬುಧವಾರ ಹೈದರಾಬಾದಿಗೆ ಹೊರಡ್ತೀನಿ, ಅಲ್ಲಿಗೇ ಬರೀರಿ.

ದುರ್ಗಾಂಬಿಕಾ


ಚನ್ನಗಿರಿ
14 ಅಕ್ಟೋಬರ್ 2024

ದುರ್ಗಾಂಬಿಕಾ,

ಎಲ್ಲಿ ಇಡಾಕೆ ಹೋಗ್ಲಿ ತಂಗಿ? ಕಿವಿ ಹತ್ರಾನೇ ಇಟ್ಟೆ.

ಬಿಲ್ಲೆ ಹಾಕಿದ ಕೂಡಲೇ ಕಚ್ಚು ಹುಡುಕಿ, ಇದು ಎಷ್ಟನೇದು ಅಂತ ಎಣಿಸಿ, ಕೊನೇ ಕಚ್ಚಿನ ಬಾಯಿಗೆ ಚುಕ್ಕೆ ಕೂಡಿಸಿ ಅಲ್ಲಿಂದ ಶುರು ಮಾಡ್ತಿದ್ದೆ. ಪ್ರತಿ ಸಲ. ಬರೀಬೇಕು ಅಂತ ಹೊಳೀಲೇ ಇಲ್ಲ. ಚಪ್ಪಲಿ ಬಾಗಿಲಲ್ಲಿ ಬಿಟ್ಟೆ ಅಂತ ಯಾರಾದ್ರೂ ಡೈರಿಯಲ್ಲಿ ಬರೀತಾರಾ? ನಮ್ಮ ಸೋದರಮಾವನ ಹಟ್ಟಿಯಲ್ಲಿ ಪ್ರತಿ ಬೇಸಿಗೆ ಕುರಿ ಕಾದೋನು ನಾನು, ಕೈ ತಾನಾಗೇ ಕಿವಿಗೆ ಹೋಗತೈತೆ. ವಿಚಾರಣೆಯಲ್ಲಿ ಆರು ಜನ ಕೂತಿದ್ರು. ಒಬ್ಬರೂ ಎಲ್ಲಿ ಇಟ್ಟೆ ಅಂತ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಯ್ಯೋ ಯವ್ವಾ, ಎಂಥಾ ಕೆಲಸ ಆಗಿಹೋತು!

ನಿಮ್ಮ ಕಾಗದ ಓದಿ ಮೊದಲು ಅಕ್ಕನ್ನ ಕೂಗಿ ಕರೆದೆ. ಕಂಡಿದ್ದು ನಿಜ, ನನಗೆ ಹುಚ್ಚು ಹಿಡಿದಿಲ್ಲ ಅಂದೆ. ಅಕ್ಕ ಅತ್ತಳು. ಆಮೇಲೆ ಒಬ್ಬನೇ ಕೂತಾಗ ಇನ್ನೊಂದು ಹೊಳೀತು, ಅದನ್ನ ನೀವು ಬೇಕಂತಲೇ ಬರೆದಿಲ್ಲ ಅನ್ಕೊಂತೀನಿ. ಅಂಚು ಹಂಗೆ ನಡುಗತೈತೆ ಅನ್ನೋದು ಹೊಸದಲ್ಲ. ಪುಸ್ತಕದಲ್ಲಿ ಐತೆ, ನಾನೇ ಓದೀನಿ, ಪರೀಕ್ಷೆಯಲ್ಲಿ ಬರ್ದೀನಿ. ಅಂದ್ರೆ ನಾನು ಯಾರೂ ಕಾಣದ್ದನ್ನ ಏನೂ ಕಂಡಿಲ್ಲ. ಮೂರು ವರ್ಷ ಮನಸ್ಸಿನೊಳಗೆ ಒಂದು ಇಟ್ಕೊಂಡಿದ್ದೆ, ಊರೆಲ್ಲಾ ಕಳ್ಳ ಅಂದ್ರೂ ಸರಿ, ನಾನು ಹೊಸದೊಂದು ಕಂಡೋನು ಅಂತ. ಅದು ಇವತ್ತು ಹೋತು. ಸಂಕಟ ಆಗತೈತೆ, ಸುಳ್ಳು ಹೇಳಲ್ಲ.

ಈಗ ನಿಮಗೆ ಹೇಳಿದ ಸುಳ್ಳು. ಮೂರನೇ ಬಿಲ್ಲೆ ನನ್ನ ಹತ್ರಾನೇ ಐತೆ. ಲ್ಯಾಬಿನ ಕೊನೇ ದಿನ ಅಂಗಿ ಜೇಬಲ್ಲಿ ಹಾಕ್ಕೊಂಡು ಬಂದೆ. ಅಕ್ಕನ ಕಿವಿಯೋಲೆ ಡಬ್ಬಿಯಲ್ಲಿ ಹತ್ತಿ ಸುತ್ತಿ ಇಟ್ಟಿದ್ದೆ. ಇದರ ಜೊತೆ ಕಳಿಸ್ತಿದೀನಿ. ನೀವು ಇದನ್ನ ಸರ್ ಕೈಗೆ ಕೊಟ್ಟು 'ನೋಡ್ರಿ ಕಳ್ಳ ಒಪ್ಪಿಕೊಂಡ' ಅಂದ್ರೆ ನಾನು ಮುಗಿದೆ, ನಡತೆ ಪತ್ರನೂ ಇಲ್ಲ ಏನೂ ಇಲ್ಲ. ಇಲ್ಲಾ, ಎಲ್ಲಾ ನಿಮ್ಮ ಹೆಸರಲ್ಲೇ ಬರ್ಕೊಂಡು ಸುಮ್ಮನಾದ್ರೂ ನಾನೇನೂ ಮಾಡಾಕೆ ಆಗಲ್ಲ. ರಾತ್ರಿ ಇಡೀ ಇದನ್ನೇ ಅಂದ್ಕೊಂಡೆ. ಆದ್ರೂ ಕಳಿಸ್ತಿದೀನಿ. ನಿಮ್ಮ ಕೈಯಲ್ಲಿ ಈಗ ಮೂರು ಕಚ್ಚಿನ ಬಿಲ್ಲೆ ಅಲ್ಲ, ನನ್ನ ಮಾನ ಐತೆ.

ಎರಡು ರಟ್ಟಿನ ನಡುವೆ ಇಟ್ಟು ಯಾರೂ ಬಿಚ್ಚದ ಹಂಗೆ ಸುತ್ತಲೂ ಬಿಗಿಯಾಗಿ ಪಿನ್ನು ಹೊಡೆದಿದೀನಿ. ಈ ಸಲ ಇಪ್ಪತ್ತೆರಡು. ಹುಷಾರಾಗಿ ಬಿಚ್ಚಮ್ಮ.

ಪರಶುರಾಮ್


ಹೈದರಾಬಾದ್
23 ಅಕ್ಟೋಬರ್ 2024

ಪರಶುರಾಮಣ್ಣ,

ಇಪ್ಪತ್ತೆರಡು ಪಿನ್ನಿನಲ್ಲಿ ಇಪ್ಪತ್ತೊಂದು ರಟ್ಟಿಗೆ ಹೊಡೆದಿದ್ರಿ. ಒಂದು ಸೀದಾ ಬಿಲ್ಲೆ ಮೇಲೆ.

ಬಿಚ್ಚಿದಾಗ ನಾಲ್ಕು ಚೂರಾಗಿತ್ತು. ರಟ್ಟು ಮುಂದೆ ಇಟ್ಕೊಂಡು ಚೆನ್ನಾಗಿ ಅತ್ತೆ. ನಿಮ್ಮನ್ನ ಬೈದೆ, ಆಮೇಲೆ ನನ್ನನ್ನೂ ಬೈಕೊಂಡೆ. ನಾನು ಮೊದಲನೇ ಕಾಗದದಲ್ಲೇ ನಿಜ ಬರೆದಿದ್ರೆ ನೀವು ಇಷ್ಟು ಪಿನ್ನು ಹೊಡೀತಿರಲಿಲ್ಲ.

ಅತ್ತು ಮುಗಿಸಿ ಮುಖ ತೊಳ್ಕೊಂಡು ಬಂದು, ಇರಲಿ ನೋಡೋಣ ಅಂತ ಒಂದು ಚೂರು ಹೋಲ್ಡರಿಗೆ ಹಾಕಿದೆ. ಮೂರು ಕಚ್ಚು ಇರೋ ಚೂರು, ಅದು ಹಂಗೇ ಗಟ್ಟಿಯಾಗಿ ಉಳಿದೈತೆ. ಕೊನೇ ಕಚ್ಚಿನ ಬಾಯಿಗೆ ಚುಕ್ಕೆ ಕೂಡಿಸಿದೆ. ಆರರಲ್ಲಿ ಪೀಕ್! ನಿಮ್ಮ 41ನೇ ಪುಟದಲ್ಲಿ ಇದ್ದ ಹಂಗೇ, ಸಣ್ಣದು, ಎಡಗಡೆ ಸ್ವಲ್ಪ ವಾಲಿದ್ದು. ಚುಕ್ಕೇನ ಒಳಕ್ಕೆ ಸರಿಸಿದೆ, ಹೋತು. ಮತ್ತೆ ಅಂಚಿಗೆ ತಂದೆ, ಬಂತು. ಮಕ್ಕಳಾಟದಂಗೆ ಹತ್ತು ಸಲ ಹಿಂಗೇ ಮಾಡಿದೆ. ಆಮೇಲೆ ಪಿನ್ನು ಒಡೆದ ಅಂಚು ನೋಡಿದೆ, ಅಲ್ಲೂ ಐತೆ. ಉಳಿದ ಮೂರು ಚೂರಿನ ಒಡಕಿನಾಗೂ ಐತೆ. ಕೊನೆಗೆ ನಾನು ಮೂಲೆ ಕತ್ತರಿಸಿದ ಎರಡನೇ ಬಿಲ್ಲೆ ತೆಗೆದು, ಕತ್ತರಿಸಿದ ಗೆರೆ ಮೇಲೇ ಇಟ್ಟು ನೋಡಿದೆ. ಅಣ್ಣಾ, ಅಲ್ಲೂ ಐತೆ! ಜುಲೈನಿಂದ ನನ್ನ ಕೈಯಲ್ಲೇ ಇತ್ತು. ನಡುಮಧ್ಯೆ ನೋಡು ಅಂತ ಹೇಳಿದ್ರು ಅಂತ ನಾನು ನಡುಮಧ್ಯೆನೇ ನೋಡ್ತಾ ಕೂತಿದ್ದೆ.

ಎಲ್ಲಾ ಬರೆದು ತಾರೀಖು ಹಾಕಿ ಮೇಲೆ ನಿಮ್ಮ ಹೆಸರು ಬರೆದೆ. ಅಳೆಯೋಕೆ ಮುಂಚೆಯೇ ಜಾಗ ಹೇಳಿದೋರು ನೀವು ಅಂತ ಸಾಕ್ಷಿ ಇರಲಿ ಅಂತ, ನಿಮ್ಮ 14ನೇ ತಾರೀಖಿನ ಕಾಗದದ ಮೊದಲ ಪುಟ ಲಾಗ್ ಬುಕ್ಕಿಗೆ ಅಂಟಿಸಿದೆ. ಮಿಕ್ಕ ಪುಟ ಅಂಟಿಸಿಲ್ಲ, ಸಂಕಟದ ಮಾತು ಅವರಿಗ್ಯಾಕೆ.

ಬೆಳಗ್ಗೆ ರಘುನಾಥ ಸರ್ ಗೆ ತೋರಿಸಿದೆ. ತಾವೇ ಕೂತು ಅಳೆದರು. ಆಮೇಲೆ 'ಈ ಚೂರು ಎಲ್ಲಿಂದ ಬಂತು? ಯಾರದಿದು?' ಅಂದ್ರು. 'ಪರಶುರಾಮ್ ಅವರದ್ದು ಸರ್, ಅವರೇ ಕಳಿಸಿದ್ರು, ಕಿವಿ ನೋಡ್ರಿ, ಮೂರು ಕಚ್ಚು ಐತೆ' ಅಂದೆ. ಅವರಿಗೆ ಅರ್ಥ ಆಗಲಿಲ್ಲ. ಕೂರಿಸಿ ಕುರಿ ಕತೆ ಪೂರ್ತಿ ಹೇಳಿದೆ. ಅವರು ಕನ್ನಡಕ ತೆಗೆದು ಮುಖ ಒರೆಸ್ಕೊಂಡ್ರು. 'ಎಲ್ಲಿ ಇಟ್ಟೆ ಅಂತ ನಾನು ಅವನನ್ನ ಒಂದು ಸಲನೂ ಕೇಳಲಿಲ್ಲ' ಅಂದ್ರು. ಪಟ್ಟಿಯಲ್ಲಿ ಮೂರನೇ ಬಿಲ್ಲೆ ಮುಂದೆ 'ಬಂದಿದೆ' ಅಂತ ಅವರ ಕೈಯಾರೆ ಬರೆದ್ರು.

ಹಳೇ ಹೇಳಿಕೆ ಬದಲು ಹೊಸದು ಇದರ ಜೊತೆ ಇಟ್ಟೀನಿ. '41ನೇ ಪುಟದ ಗ್ರಾಫ್ ನಿಜವಾಗಿ ಅಳೆದದ್ದು. ಅಳೆದ ಜಾಗ ಬಿಲ್ಲೆಯ ಅಂಚು. ಆ ಜಾಗವನ್ನು ಬರೆಯದೆ ಬಿಟ್ಟದ್ದು ನನ್ನ ತಪ್ಪು.' ಕೆಳಗೆ ಸರ್ ತಮ್ಮದೊಂದು ಸಾಲು ಸೇರಿಸಿ ಮೊದಲೇ ಸಹಿ ಹಾಕಿದಾರೆ. 'ಕೇಳದೆ ಬಿಟ್ಟದ್ದು ನನ್ನ ತಪ್ಪು.' ನಡತೆ ಪತ್ರಕ್ಕೂ ಸಹಿ ಆಗೈತೆ, ಅದನ್ನೂ ಇಟ್ಟೀನಿ. ನಿಮ್ಮ ಸಹಿಗೆ ಕಾದು ಆಮೇಲೆ ಕಳಿಸು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹೊಸದಲ್ಲ ಅನ್ನೋದನ್ನ ನಾನು ಬೇಕಂತಲೇ ಬರೆದಿರಲಿಲ್ಲ. ನೀವು ಸರಿಯಾಗೇ ಹೇಳಿದ್ರಿ.

ನಿಮ್ಮ ತಂಗಿ,
ದುರ್ಗಾಂಬಿಕಾ


ನ್ಯಾಮತಿ
29 ಅಕ್ಟೋಬರ್ 2024

ತಂಗಿ ದುರ್ಗಾಂಬಿಕಾಗೆ,

ಹೊಸ ಹೇಳಿಕೆ ಓದಿದೆ. ಎಲ್ಲಾದ್ರೂ ಕೊಕ್ಕೆ ಇಟ್ಟಿದಾರಾ ಅಂತ ಹಿಂದೆ ಮುಂದೆ ತಿರುಗಿಸಿ ನೋಡಿದೆ. ಬೆಳಕಿಗೆ ಹಿಡಿದೆ. ಸರ್ ಸಹಿ ಹಳೇ ಅರ್ಜಿಯ ಸಹಿ ಜೊತೆ ಹೋಲಿಸಿದೆ. ಅರುಣಕ್ಕಗೆ ಓದಿ ಹೇಳಿದೆ. ಸಾಲದು ಅಂತ ಹಾಲಸ್ವಾಮಿಗೂ ತೋರಿಸಿದೆ, ಮೂರು ತಿಂಗಳಿಂದ ಅವನ ಕಣ್ಣು ತಪ್ಪಿಸಿ ಹೊನ್ನಾಳಿ, ಚನ್ನಗಿರಿ ಅಂತ ಓಡಾಡಿದೋನು ನಾನು! ಅವನು ಎರಡು ಸಲ ಓದಿ, 'ಸಾರ್, ಇದರಾಗೆ ಏನೂ ಇಲ್ಲ, ನಿಜಾನೇ ಬರ್ದಾರೆ' ಅಂದ. ಆಮೇಲೆ ಪಾಪ, ಟೀ ತರಿಸಿ ಕುಡಿಸಿದ.

ನಡತೆ ಪತ್ರ ಮಹೇಶ್ವರಪ್ಪ ಮೇಷ್ಟ್ರ ಕೈಗೆ ಕೊಟ್ಟು ಬಂದೆ. ಜಾಗ ಇನ್ನೂ ಐತಂತೆ. ಆಗುತ್ತೋ ಬಿಡುತ್ತೋ ಗೊತ್ತಿಲ್ಲ.

ಇವತ್ತು ಕ್ಲಾಸಲ್ಲಿ ಆಯಸ್ಕಾಂತದ ಪಾಠ ಇತ್ತು. ಪಾಠ ಬಿಟ್ಟು ಕುರಿ ಕಿವಿ ಕತೆ ಹೇಳಿದೆ. ಏನು ಕಂಡ್ರಿ ಅಂತ ಬರೆಯೋಕೆ ಮುಂಚೆ ಎಲ್ಲಿ ನಿಂತು ಕಂಡ್ರಿ ಅಂತ ಬರೀರೋ, ನಿಮ್ಮ ಮೇಷ್ಟ್ರು ಬರೀದೆ ಕೆಟ್ಟ ಅಂದೆ. ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಮೂರು ವರ್ಷದ ಮೇಲೆ.

ಹೇಳಿಕೆಗೆ ಸಹಿ ಹಾಕಿ ಇದರೊಳಗೆ ಇಟ್ಟಿದೀನಿ. ಮೂಲೆ ನೋಡು, ಕತ್ತರಿಯಲ್ಲಿ ನಾಲ್ಕು ಕಚ್ಚು ಹಾಕಿದೀನಿ. ನಾಲ್ಕನೇ ಬಿಲ್ಲೆ ಇದು ಅಂತ ಇಟ್ಕೋ.

ಈ ಸಲ ರಿಜಿಸ್ಟರ್ ಮಾಡಿಲ್ಲ. ಐದು ರೂಪಾಯಿ ಸ್ಟಾಂಪು ಹಚ್ಚಿ, ನ್ಯಾಮತಿಯ ಡಬ್ಬಿಗೇ ಹಾಕ್ತಿದೀನಿ. ಪಿನ್ನೂ ಇಲ್ಲ, ಬರೀ ಅಂಟು. ಕಾಗದ ಮುಟ್ಟಿದ ಕೂಡಲೇ ಮುಟ್ಟಿತು ಅಂತ ಒಂದು ಸಾಲು ಬರಿ ಅಂತ ಬರೆಯಾಕೆ ಹೊಂಟಿದ್ದೆ. ಬ್ಯಾಡ ಬಿಡು. ಮುಟ್ಟತೈತೆ.

ಪರಶುರಾಮ